ಪಿಸ್ತೂಲು ಕೊಳ್ಳುವ ಮುನ್ನ ಕೈ ನೋಡಿಕೊಳ್ಳಿ

(ಮಂಡ್ಯ, ಮದ್ದೂರು ಮತ್ತು ಮಳವಳ್ಳಿಯಲ್ಲಿ ವಿದ್ಯಾರ್ಥಿಗಳು ಹಾಗೂ ಪೋಷಕರ ಮುಂದೆ ಆಡಿದ ಮಾತುಗಳನ್ನು ಒಂದುಗೂಡಿಸಿದ ಭಾಷಣ ಪಾಠ)



ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪಿಸ್ತೂಲು ಸ್ಪರ್ಧೆಗಳಲ್ಲಿ ಎರಡು ಕಂಚಿನ ಪದಕ ಗೆದ್ದದ್ದು 2024ರ ಜುಲೈ ಕೊನೆಯ ವಾರದಲ್ಲಿ. ಅಂದಿನಿಂದ ನನ್ನನ್ನು ಕಂಡವರು ಕೇಳುವ ಪ್ರಶ್ನೆ ಒಂದೇ ಆಗಿದೆ. 'ನಮ್ಮ ಹುಡುಗನಿಗೆ ಒಂದು ಪಿಸ್ತೂಲು ಕೊಡಿಸಬೇಕು ಸಾರ್, ಯಾವುದು ಒಳ್ಳೆಯದು?' ನಾನು ದೊಡ್ಡ ಗುರಿಕಾರನೇನಲ್ಲ. ಕಾಲೇಜಿನಲ್ಲಿ ಎನ್‌ಸಿಸಿ ಸಮವಸ್ತ್ರ ತೊಟ್ಟು ರೈಫಲ್ ಹಿಡಿದವನು, ಆಮೇಲೆ ಗಾಳಿ ಪಿಸ್ತೂಲಿನ ಹುಚ್ಚು ಹತ್ತಿಸಿಕೊಂಡು ಅದರಲ್ಲಿ ಒಂದಷ್ಟು ಹಣ, ಅದಕ್ಕಿಂತ ಹೆಚ್ಚಾಗಿ ಒಂದಷ್ಟು ಮರ್ಯಾದೆ ಕಳೆದುಕೊಂಡವನು. ಆ ಅನುಭವದ ಬಲದಿಂದಲೇ ಈ ಪ್ರಶ್ನೆಗೆ ಉತ್ತರ ಹೇಳಲು ನಿಂತಿದ್ದೇನೆ. ಉತ್ತರ ಸ್ವಲ್ಪ ಸುತ್ತುಬಳಸಿನದು. ದಯವಿಟ್ಟು ಸಹಿಸಿಕೊಳ್ಳಿ.

ನಮ್ಮ ಈ ಸೀಮೆಗೆ ಆಯುಧ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲಿನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಹತ್ತನೆಯ ಶತಮಾನದ ಮಧ್ಯಭಾಗದ ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನು ಬಹುಮಾನವಾಗಿ ಭೂಮಿಯನ್ನು ಬೇಡದೆ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದ. ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ಸಾವಿರ ವರ್ಷ ಕಳೆದರೂ ಹಂದಿ ನಮ್ಮ ಕಬ್ಬಿನ ಗದ್ದೆ ಬಿಟ್ಟು ಹೋಗಿಲ್ಲ. ಬೆಳೆ ಕಾಯಲು ಲೈಸೆನ್ಸಿನ ಕೋವಿ ಇಟ್ಟುಕೊಂಡು, ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರುವ ರೈತರು ಇಂದಿಗೂ ನಮ್ಮಲ್ಲಿದ್ದಾರೆ.

ಇನ್ನು ಮಳವಳ್ಳಿ. 1799ರ ಮಾರ್ಚ್ 27ರಂದು ಇದೇ ಮಳವಳ್ಳಿಯ ಬಯಲಿನಲ್ಲಿ ಜನರಲ್ ಹ್ಯಾರಿಸ್‌ನ ಸೈನ್ಯಕ್ಕೂ ಟಿಪ್ಪು ಸುಲ್ತಾನನ ಸೈನ್ಯಕ್ಕೂ ಕಾಳಗ ನಡೆಯಿತು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ ಅಂದು ಇಲ್ಲಿ ಕರ್ನಲ್ ಆಗಿದ್ದ. ಟಿಪ್ಪು ಹಿಂದೆ ಸರಿದು ಶ್ರೀರಂಗಪಟ್ಟಣ ಸೇರಿದ. ಮೇ 4ರಂದು ಕೋಟೆ ಬಿತ್ತು. ಆ ಶ್ರೀರಂಗಪಟ್ಟಣದಲ್ಲಿ ಬಂದೂಕು, ಪಿಸ್ತೂಲು ತಯಾರಿಸುವ ಕಾರ್ಖಾನೆಗಳಿದ್ದವು. ಹುಲಿಪಟ್ಟೆಯ ಅಲಂಕಾರವಿದ್ದ ಆ ಪಿಸ್ತೂಲುಗಳನ್ನು ಗೆದ್ದವರು ಹಡಗು ಹತ್ತಿಸಿ ಕೊಂಡೊಯ್ದರು. ಅಲ್ಲಿನ ಒಂದು ಹಳೆಯ ಆಯುಧಾಗಾರ ರೈಲು ಜೋಡಿಹಳಿಗೆ ಅಡ್ಡ ಬಂದಾಗ, 2017ರಲ್ಲಿ ರೈಲ್ವೆಯವರು ಇಡೀ ಕಟ್ಟಡವನ್ನೇ ಕೆಡವದೆ ಎತ್ತಿ, ನೂರು ಮೀಟರಿಗೂ ಆಚೆ ಸರಿಸಿ ಇಟ್ಟದ್ದನ್ನು ನಾವೇ ಕಂಡಿದ್ದೇವೆ.

ಟಿಪ್ಪುವಿನ ಪಿಸ್ತೂಲುಗಳ ಬಗ್ಗೆ ಒಂದು ಸಣ್ಣ ಸಂಗತಿ ಹೇಳಬೇಕು. ಅವುಗಳಲ್ಲಿ ಕೆಲವು ಜೋಡಿಗಳಲ್ಲಿ ಚಕಮಕಿ ಕಲ್ಲಿನ ಕೀಲು ಒಂದಕ್ಕೆ ಬಲಗಡೆ, ಇನ್ನೊಂದಕ್ಕೆ ಎಡಗಡೆ ಇದೆ. ಒಂದು ಬಲಗೈಗೆ, ಒಂದು ಎಡಗೈಗೆ. ಇನ್ನೂರು ವರ್ಷಗಳ ಹಿಂದಿನ ನಮ್ಮ ಕಮ್ಮಾರನಿಗೂ ಗೊತ್ತಿದ್ದ ಮಾತು ಇದು: ಪಿಸ್ತೂಲು ಕೈಗೆ ಹೊಂದಬೇಕು, ಕೈ ಪಿಸ್ತೂಲಿಗೆ ಹೊಂದುವುದಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ಬೇಟೆ, ಯುದ್ಧ, ಕಾವಲು ಈ ಮೂರರಲ್ಲೂ ಆಯುಧ ಒಂದು ಜೀವದ ಕಡೆಗೆ ತಿರುಗಿರುತ್ತದೆ. ಆಟದ ಪಿಸ್ತೂಲು ತಿರುಗುವುದು ಒಂದು ಕಾಗದದ ಕಡೆಗೆ. ಇಷ್ಟೇ ವ್ಯತ್ಯಾಸ. ಆದರೆ ಈ ವ್ಯತ್ಯಾಸ ಮನಸ್ಸಿಗೆ ಹತ್ತದವರು ಈ ಆಟಕ್ಕೆ ಬರಬಾರದು.

ಎಲ್ಲಕ್ಕೂ ಮೊದಲ ಪಾಠ

2025ರ ಫೆಬ್ರುವರಿಯಲ್ಲಿ ನಮ್ಮದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಒಂದು ಕೋಳಿ ಫಾರಂನಲ್ಲಿ ಹದಿಹರೆಯದ ಹುಡುಗನೊಬ್ಬನ ಕೈಗೆ ಬಂದೂಕು ಸಿಕ್ಕಿತು. ಅದು ಸಿಡಿದು ಪಶ್ಚಿಮ ಬಂಗಾಳದಿಂದ ಕೂಲಿಗೆ ಬಂದಿದ್ದ ಕುಟುಂಬದ ಪುಟ್ಟ ಮಗು ಸತ್ತಿತು, ತಾಯಿಗೆ ಗಾಯವಾಯಿತು. ಆ ಹುಡುಗ ಕೊಲೆಗಾರನಲ್ಲ. ಆಟವಾಡುತ್ತಿದ್ದ. ಬಂದೂಕಿನಲ್ಲಿ ಗುಂಡಿದೆಯೆಂದು ಅವನಿಗೆ ಹೊಳೆಯಲಿಲ್ಲ, ಅಷ್ಟೇ.

ಆದ್ದರಿಂದ ಈ ಆಟದ ಮೊದಲ ದಿನ ಗುರಿಯ ಪಾಠವಿಲ್ಲ. ನಾಲ್ಕು ನಿಯಮಗಳ ಪಾಠವಿದೆ. ಒಂದು, ಪ್ರತಿಯೊಂದು ಬಂದೂಕೂ ತುಂಬಿದೆ ಎಂದೇ ತಿಳಿಯಬೇಕು, ನೀವೇ ಎರಡು ನಿಮಿಷದ ಹಿಂದೆ ಖಾಲಿ ಮಾಡಿಟ್ಟಿದ್ದರೂ ಸರಿಯೇ. ಎರಡು, ನಳಿಗೆಯ ಬಾಯಿ ಗುರಿಯ ಕಡೆಗಲ್ಲದೆ ಬೇರಾವ ಕಡೆಗೂ ತಿರುಗಬಾರದು. ಮೂರು, ಗುರಿ ಹಿಡಿಯುವ ತನಕ ಬೆರಳು ಟ್ರಿಗರಿನ ಮೇಲೆ ಇರಬಾರದು. ನಾಲ್ಕು, ಗುರಿಯ ಹಿಂದೆ ಏನಿದೆ ಎಂಬುದು ತಿಳಿದಿರಬೇಕು. ಗಾಳಿ ಪಿಸ್ತೂಲಿಗೂ ಇದೇ ನಿಯಮ. ಅದರ ಸೀಸದ ಗುಂಡು ಅರ್ಧ ಗ್ರಾಂ ತೂಗುತ್ತದೆ, ಆದರೆ ಕಣ್ಣು ಕಳೆಯಲು ಅಷ್ಟು ಸಾಕು. ಸ್ಪರ್ಧೆಯ ಅಂಗಳದಲ್ಲಿ ಬಳಸದ ಪಿಸ್ತೂಲಿನ ನಳಿಗೆಯೊಳಗೆ ಕಿತ್ತಳೆ ಬಣ್ಣದ ಒಂದು ದಾರ ತೂರಿಸಿ ಇಡುತ್ತಾರೆ. ದಾರ ಆಚೆಗೆ ಕಾಣುತ್ತಿದ್ದರೆ ಒಳಗೆ ಗುಂಡಿಲ್ಲವೆಂದು ಹತ್ತು ಮಾರು ದೂರದವನಿಗೂ ಗೊತ್ತಾಗುತ್ತದೆ. ನಿಮ್ಮ ಮಗು ಮನೆಗೆ ಬಂದು ಮೊದಲು ಈ ದಾರದ ವಿಷಯ ಹೇಳಿದರೆ, ಗುರು ಒಳ್ಳೆಯವರು ಎಂದು ತಿಳಿಯಿರಿ.

ಮಳವಳ್ಳಿಯ ಪ್ರಶ್ನೆ: ಓಡುತ್ತ ಹೊಡೆಯುವ ಆಟ

ಮಳವಳ್ಳಿಯಲ್ಲಿ ಒಬ್ಬ ಯುವಕ ಎದ್ದು ಕೇಳಿದ: 'ಸಾರ್, ನಿಂತಲ್ಲೇ ನಿಂತು ಹೊಡೆಯುವುದರಲ್ಲಿ ಏನಿದೆ? ಸೊಂಟದಿಂದ ಪಿಸ್ತೂಲು ಎಳೆದು, ಓಡುತ್ತ, ಗೋಡೆಯ ಮರೆಯಿಂದ ಹೊಡೆಯುವ ಸ್ಪರ್ಧೆ ನೋಡಿದ್ದೇನೆ. ಅದಕ್ಕೆ ಹೇಗೆ ಸೇರುವುದು?'

ಅವನು ನೋಡಿದ್ದು ಪ್ರಾಕ್ಟಿಕಲ್ ಶೂಟಿಂಗ್. ಅದು ನಿಜವಾದ, ಕಟ್ಟುನಿಟ್ಟಾದ ಆಟ. 1950ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೊಳೆತು, 1976ರಲ್ಲಿ ಮಿಸೌರಿ ರಾಜ್ಯದ ಕೊಲಂಬಿಯದಲ್ಲಿ ಅದಕ್ಕೊಂದು ಅಂತಾರಾಷ್ಟ್ರೀಯ ಒಕ್ಕೂಟವಾಯಿತು. ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷ. ನಿಖರತೆ, ಶಕ್ತಿ, ವೇಗ ಈ ಮೂರೂ ಸಮತೂಕದಲ್ಲಿರಬೇಕು ಎಂಬುದು ಅದರ ಧ್ಯೇಯ. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. ನಡುಭಾಗಕ್ಕೆ ಬಿದ್ದರೆ 5 ಅಂಕ, ಆಚೀಚೆ ಬಿದ್ದರೆ ಕಡಿಮೆ, ತಪ್ಪಿದರೆ 10 ಅಂಕ ಕಡಿತ. ಹಾಗಾಗಿ ನಿಧಾನವಾಗಿ ಎಲ್ಲವನ್ನೂ ನಡುವಿಗೇ ಹೊಡೆದವನೂ ಸೋಲುತ್ತಾನೆ, ಅವಸರಪಟ್ಟು ತಪ್ಪಿಸಿದವನೂ ಸೋಲುತ್ತಾನೆ.

ಆದರೆ ಟಿ.ವಿ.ಯಲ್ಲಿ ಕಾಣದ ಒಂದು ಸಂಗತಿಯಿದೆ. ಆ ಆಟದಲ್ಲಿ ಪಿಸ್ತೂಲು ಕೈಜಾರಿ ಬಿದ್ದರೆ, ನಳಿಗೆ ನಿಗದಿತ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗಿದರೆ, ಬೇಡದ ಹೊತ್ತಿನಲ್ಲಿ ಒಂದು ಗುಂಡು ಹಾರಿದರೆ, ಆಟಗಾರ ಅಲ್ಲಿಂದಲೇ ಹೊರಗೆ. ಎಚ್ಚರಿಕೆ ಕೊಟ್ಟು ಇನ್ನೊಂದು ಅವಕಾಶ ನೀಡುವ ಮಾತೇ ಇಲ್ಲ. ಸಾವಿರಾರು ಮೈಲಿ ಪ್ರಯಾಣ ಮಾಡಿ ಬಂದ ಚಾಂಪಿಯನ್ನನಿಗೂ ಇದೇ ಶಿಕ್ಷೆ.

ನಮ್ಮಲ್ಲಿ ಇದಕ್ಕೆ ದಾರಿ ಇಕ್ಕಟ್ಟು. ಆ ಆಟದ ಮುಖ್ಯ ಆಯುಧ 9 ಮಿ.ಮೀ. ಪಿಸ್ತೂಲು. ನಮ್ಮ ಶಸ್ತ್ರಾಸ್ತ್ರ ಕಾಯ್ದೆಯ ವ್ಯವಸ್ಥೆಯಲ್ಲಿ ಅದು ನಿಷಿದ್ಧ ಬೋರ್. ಸೈನ್ಯ, ಪೊಲೀಸರಿಗೆ ಸರಿ, ಸಾಮಾನ್ಯ ನಾಗರಿಕನಿಗೆ ಇಲ್ಲ. ನಾಗರಿಕರಿಗೆ ಲೈಸೆನ್ಸಿನ ಮೇಲೆ ಸಿಗುವ ಪಾಯಿಂಟ್ 32 ರಿವಾಲ್ವರು ಆತ್ಮರಕ್ಷಣೆಯ ಲೆಕ್ಕದ್ದು, ಸ್ಪರ್ಧೆಗೆಂದು ರೂಪಿಸಿದ್ದಲ್ಲ. ವೇಗ ಬೇಕೆನ್ನುವವರಿಗೆ ನಮ್ಮಲ್ಲಿ ತೆರೆದಿರುವ ಬಾಗಿಲು ಒಲಿಂಪಿಕ್ಸಿನ 25 ಮೀಟರ್ ರ‍್ಯಾಪಿಡ್ ಫೈರ್ ಸ್ಪರ್ಧೆ. ಪಕ್ಕಪಕ್ಕದ ಐದು ಗುರಿಗಳಿಗೆ ಐದು ಗುಂಡು, ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6, ಕೊನೆಗೆ 4 ಸೆಕೆಂಡಿನಲ್ಲಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲೇ. ಇದೇ ಆಟದಲ್ಲಿ ಹಂಗೆರಿಯ ಕಾರೊಲಿ ಟಕಾಚ್ ಎಂಬ ಸೈನಿಕನ ಬಲಗೈಯನ್ನು 1938ರಲ್ಲಿ ಗ್ರೆನೇಡ್ ಒಂದು ಹಾಳುಗೆಡವಿತು. ಆತ ಎಡಗೈಯಲ್ಲಿ ಕಲಿತು 1948 ಮತ್ತು 1952ರಲ್ಲಿ ಚಿನ್ನ ಗೆದ್ದ.

ಮಳವಳ್ಳಿಯ ಆ ಯುವಕನಿಗೆ ನಾನು ಹೇಳಿದ್ದು ಇಷ್ಟು: ವೇಗದ ಆಟವಾಗಲಿ, ನಿಧಾನದ ಆಟವಾಗಲಿ, ಬುನಾದಿ ಒಂದೇ. 10 ಮೀಟರ್ ಗಾಳಿ ಪಿಸ್ತೂಲಿನಲ್ಲಿ ನಿಂತಲ್ಲೇ ನಿಲ್ಲಲು ಕಲಿ. ಓಡುವುದು ಆಮೇಲೆ.

ಮದ್ದೂರಿನ ಪ್ರಶ್ನೆ: ಲೈಸೆನ್ಸ್ ಬೇಕೆ?

ಮದ್ದೂರಿನಲ್ಲಿ ಹಿರಿಯರೊಬ್ಬರು ಕೇಳಿದ್ದು ಕಾನೂನಿನ ವಿಷಯ. ಅದರ ಹಿಂದೆ ಇನ್ನೊಂದು ಆಸೆಯೂ ಇತ್ತು. ಆಟದ ಹೆಸರಿನಲ್ಲಿ ಮನೆಗೊಂದು ಪಿಸ್ತೂಲು ಬಂದರೆ ಊರಲ್ಲಿ ನಾಲ್ಕು ಜನ ಗೌರವ ಕೊಟ್ಟಾರು ಎಂಬ ಆಸೆ. ಮದ್ದೂರಿನ ಶಿವಪುರದಲ್ಲಿ 1938ರಲ್ಲಿ ಬರಿಗೈಯವರು ಬಾವುಟ ಹಾರಿಸಿ ಸತ್ಯಾಗ್ರಹ ಮಾಡಿದರು. ಆ ಊರಿನವರಿಗೆ ಗೌರವಕ್ಕೆ ಪಿಸ್ತೂಲು ಬೇಕೇ ಎಂದು ನಾನು ನಗುತ್ತಲೇ ಕೇಳಿದೆ. ಅವರೂ ನಕ್ಕರು.

ಕಾನೂನು ಹೀಗಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆ, ಅದರಡಿಯ 2016ರ ನಿಯಮಗಳು. ನಳಿಗೆಯ ವ್ಯಾಸ 4.5 ಮಿ.ಮೀ. ಮೀರದ, ಶಕ್ತಿ 20 ಜೂಲ್ ಮೀರದ ಗಾಳಿ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಗಾಳಿ ಪಿಸ್ತೂಲಿನ ಗುಂಡು ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. ಲೆಕ್ಕ ಹಾಕಿದರೆ ಅದರ ಶಕ್ತಿ 5-6 ಜೂಲ್ ಮಾತ್ರ. ಹಾಗಾಗಿ ಕಾನೂನಿನ ಗೆರೆಯಿಂದ ಬಹಳ ಈಚೆಗೇ ಇದೆ. ಕೊಂಡ ರಸೀತಿ ಜೋಪಾನವಾಗಿಡಿ. ಬಸ್ಸಿನಲ್ಲಿ, ರೈಲಿನಲ್ಲಿ ಒಯ್ಯುವಾಗ ಪೆಟ್ಟಿಗೆಯಲ್ಲೇ ಇರಲಿ. ಬೀದಿಯಲ್ಲಿ ಅದನ್ನು ತೆಗೆದು ತೋರಿಸಿದವನಿಗೆ 'ಇದು ಬರೀ ಗಾಳಿಯದು' ಎಂಬ ಸಮಜಾಯಿಷಿ ಕೊಡಲು ಸಮಯ ಸಿಗದೆಯೂ ಹೋಗಬಹುದು.

ಮದ್ದು ತುಂಬಿದ ಗುಂಡಿನ ಪಾಯಿಂಟ್ 22 ಪಿಸ್ತೂಲಿನ ಮಾತು ಬೇರೆ. ಅದಕ್ಕೆ ಲೈಸೆನ್ಸ್ ಬೇಕೇ ಬೇಕು. ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು. ಅದರ ಜೊತೆಗೆ ಸ್ಪರ್ಧೆಗಳಲ್ಲಿ ಅರ್ಹತೆ ಪಡೆದ ದಾಖಲೆ, ಸಂಸ್ಥೆಯ ಸದಸ್ಯತ್ವ ಎಲ್ಲ ಸೇರುತ್ತದೆ. ನಮ್ಮ ದೇಶದಲ್ಲಿ ಈ ಆಟವನ್ನು ನಡೆಸುವುದು 1951ರಲ್ಲಿ ಹುಟ್ಟಿದ ಭಾರತೀಯ ರಾಷ್ಟ್ರೀಯ ರೈಫಲ್ ಸಂಸ್ಥೆ. ಲೋಕಸಭೆಯ ಮೊದಲ ಸ್ಪೀಕರ್ ಗಣೇಶ ವಾಸುದೇವ ಮಾವಳಂಕರ್ ಅವರೇ ಅದರ ಮೊದಲ ಅಧ್ಯಕ್ಷರು. ಅವರ ಹೆಸರಿನಲ್ಲೇ ರಾಷ್ಟ್ರೀಯ ಸ್ಪರ್ಧೆಗೆ ಮೆಟ್ಟಿಲಾಗುವ ಪಂದ್ಯಾವಳಿಯೊಂದಿದೆ. ನಮ್ಮ ರಾಜ್ಯದ ಸಂಸ್ಥೆ ಬೆಂಗಳೂರಿನಲ್ಲಿದೆ. ರಾಜ್ಯ ಸ್ಪರ್ಧೆ, ಅಲ್ಲಿಂದ ಅರ್ಹತಾ ಸ್ಪರ್ಧೆ, ಅಲ್ಲಿಂದ ರಾಷ್ಟ್ರೀಯ ಸ್ಪರ್ಧೆ, ಹೀಗೆ ಹಂತ ಹಂತವಾಗಿ ಏರಬೇಕು.

ಈ ದಾರಿಯಲ್ಲಿ ನಡೆದ ನಮ್ಮವರೂ ಇದ್ದಾರೆ. ಬೆಂಗಳೂರಿನ ಪಿ.ಎನ್. ಪ್ರಕಾಶ್, ಅಂದರೆ ಪ್ರಕಾಶ್ ನಂಜಪ್ಪ, ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದವರು. 2013ರಲ್ಲಿ ಕೊರಿಯದ ಚಾಂಗ್ವಾನ್‌ನಲ್ಲಿ ವಿಶ್ವಕಪ್ ಕಂಚು ಗೆದ್ದರು. ಅದೇ ವರ್ಷ ಸ್ಪೇನಿನ ಗ್ರನಾಡಾದಲ್ಲಿ ಅವರ ಮುಖದ ಒಂದು ಬದಿ ಪಾರ್ಶ್ವವಾಯುವಿನಿಂದ ಸ್ತಬ್ಧವಾಯಿತು. ಗುರಿಕಾರನಿಗೆ ಕಣ್ಣು ಮುಚ್ಚಿ ತೆರೆಯಲಾಗದ ಸ್ಥಿತಿ ಹೇಗಿರಬೇಡ! ಆದರೂ ಅವರು ಮರಳಿ ಬಂದು 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಗಾಳಿ ಪಿಸ್ತೂಲಿನ ಬೆಳ್ಳಿ ಗೆದ್ದರು, 2016ರ ರಿಯೊ ಒಲಿಂಪಿಕ್ಸ್‌ಗೂ ಹೋದರು. ಕರ್ನಾಟಕದ ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಸರಬ್ಜೋತ್ ಸಿಂಗ್ ಜೊತೆಗೂಡಿ ಮಿಶ್ರ ತಂಡದ ಚಿನ್ನ ಗೆದ್ದರು. 2025ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಕರ್ನಾಟಕದ ಜೋನಾಥನ್ ಆಂಟನಿ ಹದಿನೈದನೆಯ ವಯಸ್ಸಿಗೇ ಪುರುಷರ ಗಾಳಿ ಪಿಸ್ತೂಲಿನ ಚಿನ್ನ ಗೆದ್ದ. ಇವರ ಈ ಪದಕಗಳೆಲ್ಲ ಲೈಸೆನ್ಸ್ ಬೇಡದ ಈ ಗಾಳಿ ಪಿಸ್ತೂಲಿನವೇ.

ಮಂಡ್ಯದ ಪ್ರಶ್ನೆ: ಯಾವ ಪಿಸ್ತೂಲು?

ಈಗ ಮೊದಲ ಪ್ರಶ್ನೆಗೆ ಬರೋಣ. ಮಂಡ್ಯದಲ್ಲಿ ಎಲ್ಲರೂ ಕೇಳಿದ್ದು ಇದೇ.

ಆಟದ ಲೆಕ್ಕ ಮೊದಲು ತಿಳಿಯಿರಿ. 10 ಮೀಟರ್, ಅಂದರೆ ಮೂವತ್ಮೂರು ಅಡಿ ದೂರ. ಗುರಿಯ ನಡುವಿನ ಹತ್ತು ಅಂಕದ ವೃತ್ತದ ಅಗಲ 11.5 ಮಿ.ಮೀ., ನಿಮ್ಮ ಅಂಗಿಯ ಗುಂಡಿಯಷ್ಟು. ಒಂದೇ ಕೈಯಲ್ಲಿ ಹಿಡಿದು, ಯಾವ ಆಸರೆಯೂ ಇಲ್ಲದೆ, 75 ನಿಮಿಷಗಳಲ್ಲಿ 60 ಗುಂಡು ಹೊಡೆಯಬೇಕು. ಪಿಸ್ತೂಲು ಒಂದೂವರೆ ಕಿಲೋ ಮೀರಬಾರದು. ಟ್ರಿಗರ್ ಕನಿಷ್ಠ 500 ಗ್ರಾಂ ಭಾರವನ್ನು ತಡೆದು ನಿಲ್ಲಬೇಕು. ಇಡೀ ಪಿಸ್ತೂಲು 420 ಮಿ.ಮೀ. ಉದ್ದ, 200 ಮಿ.ಮೀ. ಎತ್ತರ, 50 ಮಿ.ಮೀ. ದಪ್ಪದ ಪೆಟ್ಟಿಗೆಯೊಳಗೆ ಹಿಡಿಸಬೇಕು. ನಿಯಮ ಇಷ್ಟೇ. ಉಳಿದದ್ದೆಲ್ಲ ನಿಮ್ಮ ಕೈಗೆ ಬಿಟ್ಟದ್ದು.

ನಾನು ಮಾಡಿದ ತಪ್ಪು ಇಲ್ಲೇ. ನನ್ನ ಮಗಳಿಗೆ ಹದಿನಾಲ್ಕು ವರ್ಷವಾಗಿದ್ದಾಗ ಅವಳಿಗೆಂದು ಹೆಸರಾಂತ ವಿದೇಶಿ ಪಿಸ್ತೂಲನ್ನು ಸಾಲ ಮಾಡಿ ತಂದೆ. ಅವಳನ್ನು ಕರೆದುಕೊಂಡು ಹೋಗಲಿಲ್ಲ. ಆಶ್ಚರ್ಯವಾಗಲಿ ಎಂದು ಒಬ್ಬನೇ ಹೋದೆ. ಅಂಗಡಿಯಲ್ಲಿ ನನ್ನ ಕೈಯಲ್ಲಿ ಹಿಡಿದು ನೋಡಿದೆ, ಚೆನ್ನಾಗಿತ್ತು. ಅದು ನನ್ನ ಕೈಯ ಅಳತೆಯ ಹಿಡಿ. ಅವಳ ಬೆರಳಿನ ತುದಿ ಮಾತ್ರ ಟ್ರಿಗರನ್ನು ಮುಟ್ಟುತ್ತಿತ್ತು. ಗುಂಡುಗಳೆಲ್ಲ ಎಡಕ್ಕೆ ಬೀಳತೊಡಗಿದವು. ನಾನು 'ಗಮನ ಕೊಡು' ಎಂದು ಗದರುತ್ತಿದ್ದೆ. ಎಂಟು ತಿಂಗಳಿಗೆ ಅವಳ ಮಣಿಕಟ್ಟು ನೋಯತೊಡಗಿತು, ಒಂದು ವರ್ಷಕ್ಕೆ ಆಟ ಬಿಟ್ಟಳು. ಹಿಡಿ ದೊಡ್ಡದೆಂಬುದು ನನಗೆ ಹೊಳೆದದ್ದು ಅವಳು ಬಿಟ್ಟ ಮೇಲೆ. ಟಿಪ್ಪುವಿನ ಕಮ್ಮಾರನಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ಆದ್ದರಿಂದ ಮೊದಲು ಹಿಡಿ. ವಾಲ್ನಟ್ ಮರದ ಈ ಹಿಡಿಗಳು ಚಿಕ್ಕದು, ಮಧ್ಯಮ, ದೊಡ್ಡದು ಎಂದು ಅಳತೆಯಲ್ಲಿ ಬರುತ್ತವೆ. ಎಡಗೈ, ಬಲಗೈ ಬೇರೆ ಬೇರೆ. ಕಣ್ಣು ಮುಚ್ಚಿ ಕೈ ಎತ್ತಿ, ಮೂರು ಸಲ ಉಸಿರಾಡಿ, ಕಣ್ಣು ತೆರೆಯಿರಿ. ಮುಂದಿನ ಸೈಟು ಹಿಂದಿನ ಸೈಟಿನ ಕಚ್ಚಿನ ನಡುವೆ ತಾನಾಗಿ ನಿಂತಿದ್ದರೆ ಹಿಡಿ ನಿಮ್ಮದು. ಪ್ರತಿ ಸಲವೂ ಮಣಿಕಟ್ಟು ತಿರುಚಿ ಸರಿಪಡಿಸಬೇಕಾದರೆ ನಿಮ್ಮದಲ್ಲ. ಸ್ವಲ್ಪ ವ್ಯತ್ಯಾಸವಿದ್ದರೆ ಅರದಿಂದ ಉಜ್ಜಿ, ಮರದ ಪುಡಿಯ ಲಪ್ಪ ಹಚ್ಚಿ ತಿದ್ದಬಹುದು. ಆದರೆ ಹಿಡಿಯ ಯಾವ ಭಾಗವೂ ಮಣಿಕಟ್ಟನ್ನು ಸುತ್ತಿ ಹಿಡಿಯುವಂತಿಲ್ಲ. ಅದು ನಿಯಮಕ್ಕೆ ವಿರುದ್ಧ.

ಕಣ್ಣಿನ ಕೆಲಸವನ್ನೂ ಇಲ್ಲೇ ಹೇಳುತ್ತೇನೆ, ಏಕೆಂದರೆ ಹಿಡಿಯ ಮಹತ್ವ ಅದರಿಂದಲೇ ತಿಳಿಯುವುದು. ಎರಡು ಸೈಟುಗಳ ನಡುವಿನ ಅಂತರ ಸುಮಾರು 32 ಸೆಂ.ಮೀ. ಇಡೀ ಕೈ ಮೂರು ಮಿ.ಮೀ. ಪಕ್ಕಕ್ಕೆ ಸರಿದರೂ ಸೈಟುಗಳು ಒಂದಕ್ಕೊಂದು ನೇರವಾಗಿದ್ದರೆ ಗುಂಡು ಸರಿಯುವುದು ಅದೇ ಮೂರು ಮಿ.ಮೀ.; ಹತ್ತು ಅಂಕ ಹಾಗೇ ಉಳಿಯುತ್ತದೆ. ಆದರೆ ಮಣಿಕಟ್ಟು ಬಾಗಿ ಮುಂದಿನ ಸೈಟು ಒಂದೇ ಮಿ.ಮೀ. ವಾಲಿದರೆ, ಗುರಿಯ ಹತ್ತಿರ ಅದು ಮೂವತ್ತು ಮಿ.ಮೀ. ದಾಟುತ್ತದೆ, ಹತ್ತರ ಜಾಗದಲ್ಲಿ ಆರೋ ಏಳೋ ಬರುತ್ತದೆ. ಅದಕ್ಕೇ ಗುರಿಕಾರ ಗುರಿಯನ್ನು ದಿಟ್ಟಿಸುವುದಿಲ್ಲ. ಗುರಿ ಮಸುಕಾಗಿದ್ದರೂ ಚಿಂತೆಯಿಲ್ಲ, ಮುಂದಿನ ಸೈಟು ಮಾತ್ರ ಚೂಪಾಗಿ ಕಾಣಬೇಕು. ಕೈ ಎಲ್ಲರದೂ ನಡುಗುತ್ತದೆ, ಒಲಿಂಪಿಕ್ಸ್ ಪದಕ ಗೆದ್ದವರದೂ ನಡುಗುತ್ತದೆ. ಮಣಿಕಟ್ಟು ಬಾಗಬಾರದು, ಅಷ್ಟೇ.

ಎರಡನೆಯದು ಟ್ರಿಗರ್. ನಮ್ಮ ಹಳ್ಳಿಗಳಲ್ಲಿ ಇದನ್ನು 'ಕುದುರೆ' ಎನ್ನುತ್ತಾರೆ, ಒಳ್ಳೆಯ ಹೆಸರು. ಲಗಾಮು ಸೆಳೆದಂತೆ ನಯವಾಗಿ, ನೇರವಾಗಿ ಹಿಂದಕ್ಕೆ ಬರಬೇಕು. ಎಳೆಯುವಾಗ ಎಲ್ಲಿಯೂ ತಡೆದಂತೆ, ಗೊರಗೊರ ಎಂದಂತೆ ಅನಿಸಬಾರದು. ಒಣ ಅಭ್ಯಾಸಕ್ಕೆ, ಅಂದರೆ ಗುಂಡಿಲ್ಲದೆ ಟ್ರಿಗರ್ ಎಳೆಯಲು, ಅನುಕೂಲವಿರುವ ಪಿಸ್ತೂಲನ್ನೇ ಆರಿಸಿ. ಈ ಆಟದ ಅರ್ಧ ಕಲಿಕೆ ಗುಂಡಿಲ್ಲದೆಯೇ ಆಗುವುದು.

ಮೂರನೆಯದು ತೂಕ. ಸ್ಪರ್ಧೆಯ ಪಿಸ್ತೂಲುಗಳು ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತವೆ. ಒಂದು ಕಿಲೋ ಬೆಲ್ಲದ ಅಚ್ಚನ್ನು ಚಾಚಿದ ಕೈಯಲ್ಲಿ ಹದಿನೈದು ಸೆಕೆಂಡು ಹಿಡಿದು ಇಳಿಸಿ, ಹೀಗೆ ಅರವತ್ತು ಸಲ ಮಾಡಿ ನೋಡಿ. ಆಮೇಲೆ ಮಗುವಿಗೆ ಎಷ್ಟು ತೂಕದ್ದು ಬೇಕೆಂದು ತೀರ್ಮಾನಿಸಿ. ಬೆಳೆಯುವ ಮಕ್ಕಳಿಗೆ ಚಿಕ್ಕ, ಹಗುರ ಮಾದರಿಗಳಿವೆ.

ನಾಲ್ಕನೆಯದು ಗಾಳಿ. ಹಳೆಯ ಮಾದರಿಗಳಲ್ಲಿ ಪ್ರತಿ ಗುಂಡಿಗೂ ಸನ್ನೆಯೊಂದನ್ನು ಎಳೆದು ಗಾಳಿ ಒತ್ತಬೇಕಿತ್ತು. ಅಗ್ಗ, ಗಟ್ಟಿ, ಕಲಿಯಲು ಸಾಕು, ಆದರೆ ಅರವತ್ತು ಸಲ ಎಳೆದ ಕೈ ದಣಿಯುತ್ತದೆ. ಈಗಿನವುಗಳಲ್ಲಿ ಸುಮಾರು 200 ಬಾರ್ ಒತ್ತಡದ ಸಿಲಿಂಡರ್ ಇರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಆ ಸಿಲಿಂಡರಿನ ಮೇಲೆ ಕೆತ್ತಿದ ತಾರೀಖು ಓದಬೇಕು. ಸಾಮಾನ್ಯವಾಗಿ ಅದರ ಆಯುಸ್ಸು ಹತ್ತು ವರ್ಷ. ಅವಧಿ ಮೀರಿದ್ದನ್ನು ಬಳಸುವುದು ಅಪಾಯ. ನಮ್ಮೂರಲ್ಲಿ ಅದಕ್ಕೆ ಗಾಳಿ ತುಂಬುವವರು ಯಾರು, ಕೆಟ್ಟರೆ ರಿಪೇರಿ ಮಾಡುವವರು ಯಾರು, ಇದನ್ನು ಕೊಳ್ಳುವ ಮುನ್ನ ಕೇಳಿ. ಪಂಕ್ಚರ್ ಅಂಗಡಿಯ ಗಾಳಿ ಇದಕ್ಕೆ ಆಗದು.

ಐದನೆಯದು ಹೆಸರು ಮತ್ತು ಬೆಲೆ. ಆಸ್ಟ್ರಿಯದ ಸ್ಟೈಯರ್, ಸ್ವಿಟ್ಜರ್ಲೆಂಡಿನ ಮೊರಿನಿ, ಜರ್ಮನಿಯ ವಾಲ್ಥರ್ ಮತ್ತು ಫೈನ್‌ವೆರ್ಕ್‌ಬೌ, ಇಟಲಿಯ ಪಾರ್ಡಿನಿ, ಇವು ದೊಡ್ಡ ಹೆಸರುಗಳು. ಹೊಸತಾದರೆ ಲಕ್ಷ ರೂಪಾಯಿ ಮೀರುತ್ತದೆ. ಇವುಗಳಲ್ಲಿ ಯಾವುದು ಮೇಲು ಎಂಬ ಜಗಳ ಎತ್ತುಗಳ ಜಾತ್ರೆಯ ಜಗಳದಂತೆ, ಮುಗಿಯುವುದಿಲ್ಲ. ನಿಖರತೆಯಲ್ಲಿ ಎಲ್ಲವೂ ಕಲಿಯುವವನ ಕೈಗಿಂತ ಎಷ್ಟೋ ಮುಂದಿವೆ. ಆರಿಸಬೇಕಾದದ್ದು ನಿಮ್ಮ ಕೈಗೆ ಕೂರುವುದನ್ನು, ನಿಮ್ಮ ಹತ್ತಿರದಲ್ಲಿ ದುರಸ್ತಿಯಾಗುವುದನ್ನು. ಯಂತ್ರ ಎಷ್ಟು ದುಬಾರಿಯಾದರೂ ಯಂತ್ರವೇ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ, 2021ರಲ್ಲಿ, ಸ್ಪರ್ಧೆಯ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೆಟ್ಟಿತು. ಅದನ್ನು ಸರಿಪಡಿಸುವಷ್ಟರಲ್ಲಿ ಕಾಲು ಗಂಟೆಗೂ ಮೀರಿ ಹೊತ್ತು ಹೋಯಿತು. ಉಳಿದ ಗುಂಡುಗಳನ್ನು ಅವಸರದಲ್ಲಿ ಹೊಡೆದು, ಎರಡು ಅಂಕದಿಂದ ಫೈನಲ್ ತಪ್ಪಿಸಿಕೊಂಡರು. ಮೂರು ವರ್ಷದ ನಂತರ ಪ್ಯಾರಿಸ್ಸಿನಲ್ಲಿ ಪದಕ ಬಂತು.

ಅದೇ ಪ್ಯಾರಿಸ್ಸಿನಲ್ಲಿ ತುರ್ಕಿಯ ಯೂಸುಫ್ ದಿಕೆಚ್ ಸಾಮಾನ್ಯ ಕನ್ನಡಕ ಹಾಕಿ, ಒಂದು ಕೈ ಜೇಬಿನಲ್ಲಿಟ್ಟು, ಮಿಶ್ರ ತಂಡದ ಬೆಳ್ಳಿ ಗೆದ್ದ ಚಿತ್ರವನ್ನು ನೀವೆಲ್ಲ ಮೊಬೈಲಿನಲ್ಲಿ ನೋಡಿದ್ದೀರಿ. 'ಏನೂ ಬೇಕಿಲ್ಲ' ಎಂದು ನಕ್ಕಿದ್ದೀರಿ. ಅವರ ಕಣ್ಣಿನ ಮೇಲೆ ವಿಶೇಷ ಲೆನ್ಸ್ ಇರಲಿಲ್ಲ, ನಿಜ. ಆದರೆ ಕೈಯಲ್ಲಿದ್ದ ಪಿಸ್ತೂಲು ಕೈಗೆ ಹೊಂದಿಸಿದ ಸ್ಪರ್ಧಾ ಪಿಸ್ತೂಲೇ. ಬೆನ್ನ ಹಿಂದೆ ವರ್ಷಗಟ್ಟಲೆ ಅಭ್ಯಾಸವಿತ್ತು. ಬಿಡಬಹುದಾದದ್ದು ಯಾವುದು, ಬಿಡಬಾರದ್ದು ಯಾವುದು ಎಂದು ಅವರಿಗೆ ಗೊತ್ತಿತ್ತು. ಕಲಿಯುವವರು ಬಿಡಬಹುದಾದವುಗಳ ಪಟ್ಟಿ ದೊಡ್ಡದು: ದುಬಾರಿ ಬೂಟು, ಚೌಕಟ್ಟಿನ ಕನ್ನಡಕ, ಬಣ್ಣದ ಪೆಟ್ಟಿಗೆ. ಚಪ್ಪಟೆ ಅಟ್ಟೆಯ ಸಾದಾ ಬೂಟು, ದೃಷ್ಟಿದೋಷವಿದ್ದರೆ ಅದಕ್ಕೆ ತಕ್ಕ ಕನ್ನಡಕ, ಚಪ್ಪಟೆ ಮೂತಿಯ ಒಂದೇ ಬಗೆಯ ಪೆಲೆಟ್ಟು, ಇಷ್ಟು ಸಾಕು. ಪೆಲೆಟ್ಟು ಸೀಸದ್ದು, ಅಭ್ಯಾಸ ಮುಗಿಸಿ ಕೈ ತೊಳೆಯದೆ ತಿಂಡಿ ಮುಟ್ಟಬಾರದು, ಮದ್ದೂರು ವಡೆಯಾದರೂ ಸರಿಯೇ.

ಮೊದಲ ಮೂರು ತಿಂಗಳು

ಹಾಗಾದರೆ ಶುರು ಮಾಡುವುದು ಹೇಗೆ? ಮೊದಲ ಮೂರು ತಿಂಗಳು ಏನನ್ನೂ ಕೊಳ್ಳಬೇಡಿ. ಗುರುವಿರುವ ರೇಂಜ್ ಹುಡುಕಿ. ಅಲ್ಲಿನ ಪಿಸ್ತೂಲುಗಳಲ್ಲೇ ಕಲಿಯಿರಿ. ನಾಲ್ಕಾರು ಮಾದರಿ ಕೈಯಲ್ಲಿ ಹಿಡಿದ ಮೇಲೆ ನಿಮ್ಮ ಕೈಯೇ ಉತ್ತರ ಹೇಳುತ್ತದೆ. ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತದೆ. ಅದು ಆಟದ ತರಬೇತಿಯಲ್ಲ, ಆದರೆ ಬಂದೂಕಿನ ಭಯ-ಭಕ್ತಿ ಎರಡನ್ನೂ ಅಲ್ಲಿ ಕಲಿಯಬಹುದು. ಎನ್‌ಸಿಸಿ ಇರುವ ಶಾಲೆ ಕಾಲೇಜಿನ ಮಕ್ಕಳು ಅದನ್ನು ಬಿಡಬೇಡಿ.

ಮನೆಯಲ್ಲಿ ಅಭ್ಯಾಸಕ್ಕೆ ಒಂದು ಬಿಳಿ ಗೋಡೆ ಸಾಕು. ಗುರಿ ಬೇಡ. ಖಾಲಿ ಪಿಸ್ತೂಲನ್ನು, ಅದಿಲ್ಲದಿದ್ದರೆ ಅಷ್ಟೇ ತೂಕದ ನೀರಿನ ಬಾಟಲಿಯನ್ನು ಗೋಡೆಗೆ ಎದುರಾಗಿ ಎತ್ತಿ ಹಿಡಿಯಿರಿ. ಮುಂದೆ ಪಿಸ್ತೂಲು ಬಂದಾಗ, ಹಾಳುಬಿದ್ದ ಆಲೆಮನೆಯೊಂದಿದ್ದರೆ ಅದರ ಉದ್ದದಲ್ಲಿ ಹತ್ತು ಮೀಟರ್ ಅಳೆದುಕೊಳ್ಳಬಹುದು. ಗುರಿಯ ಹಿಂದೆ ಗುಂಡು ಹಿಡಿಯುವ ತಗಡಿನ ಪೆಟ್ಟಿಗೆ, ಅದರ ಹಿಂದೆ ಗಟ್ಟಿ ಗೋಡೆ, ಪಕ್ಕದ ಬಾಗಿಲಿಗೆ ಒಳಗಿನಿಂದ ಚಿಲಕ. ಅಭ್ಯಾಸ ಮುಗಿದ ಮೇಲೆ ಪಿಸ್ತೂಲು ಬೀಗದೊಳಗೆ, ಗುಂಡು ಇನ್ನೊಂದು ಬೀಗದೊಳಗೆ, ಬೀಗದ ಕೈ ದೊಡ್ಡವರ ಹತ್ತಿರ. ನಾಗಮಂಗಲದ ಆ ಮಗುವನ್ನು ನೆನೆದು ಈ ಒಂದು ಮಾತನ್ನಾದರೂ ನಡೆಸಿಕೊಡಿ.

ಕೊನೆಯದಾಗಿ, ಈ ಆಟದಲ್ಲಿ ಕಲಿಯಲು ಅತಿ ಕಷ್ಟವಾದದ್ದು ಯಾವುದು ಗೊತ್ತೇ? ಹೊಡೆಯುವುದಲ್ಲ. ಹೊಡೆಯದೆ ಕೈ ಇಳಿಸುವುದು. ಪಿಸ್ತೂಲು ಎತ್ತಿ, ಗುರಿಯ ಕೆಳಗೆ ನಿಲ್ಲಿಸಿ, ಉಸಿರು ಹಿಡಿದ ಮೇಲೆ ಆರೆಂಟು ಸೆಕೆಂಡಿನ ಸಮಯವಿರುತ್ತದೆ. ಅಷ್ಟರಲ್ಲಿ ಗುಂಡು ಹೊರಡದಿದ್ದರೆ ಕಣ್ಣು ಸುಳ್ಳು ಹೇಳತೊಡಗುತ್ತದೆ, ಕೈ ಸೋಲತೊಡಗುತ್ತದೆ. ಆಗ ಮನಸ್ಸು 'ಈಗ ಬಿಟ್ಟುಬಿಡು' ಎನ್ನುತ್ತದೆ. ಒಳ್ಳೆಯ ಗುರಿಕಾರ ಆ ಮಾತು ಕೇಳದೆ, ಕೈ ಇಳಿಸಿ, ಉಸಿರಾಡಿ, ಮತ್ತೆ ಎತ್ತುತ್ತಾನೆ. ಎದುರಾಳಿ ಮುಂದೆ ಹೋಗುತ್ತಿದ್ದರೂ ಇಳಿಸುತ್ತಾನೆ, ಜನ ನೋಡುತ್ತಿದ್ದರೂ ಇಳಿಸುತ್ತಾನೆ. ಸಿಟ್ಟಿನ ಕೈಗೆ ಆಯುಧ ಸಿಕ್ಕರೆ ಏನಾಗುತ್ತದೆಂದು ಬಲ್ಲ ನಮ್ಮ ಸೀಮೆಯಲ್ಲಿ, ಎತ್ತಿದ ಆಯುಧವನ್ನು ಇಳಿಸಲು ಕಲಿಸುವ ಆಟವೊಂದಿದೆ ಎಂಬುದಕ್ಕಾಗಿಯೇ ಇದನ್ನು ಮಕ್ಕಳಿಗೆ ಕಲಿಸಬೇಕೆಂದು ನಾನು ಹೇಳುವುದು. ಪದಕ ಬಂದರೆ ಬರಲಿ.

ನನ್ನ ಮಗಳಿಗೆ ತಂದ ಆ ಪಿಸ್ತೂಲು ಇನ್ನೂ ನಮ್ಮ ಮನೆಯ ಬೀರುವಿನಲ್ಲಿದೆ. ಅದರ ಸಿಲಿಂಡರಿನ ಅವಧಿ ಮುಗಿದು ವರ್ಷಗಳಾದವು. ಯಾರಾದರೂ ಮಗುವಿಗೆ ಪಿಸ್ತೂಲು ಕೊಡಿಸಬೇಕೆಂದು ಬಂದರೆ ನಾನು ಅದನ್ನು ತೆಗೆದು ತೋರಿಸಿ, 'ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ' ಎನ್ನುತ್ತೇನೆ. ನಿಮಗೂ ನಾನು ಹೇಳುವುದು ಅದನ್ನೇ.